ಕಾಗೋಡಿನ ಕೊಳಗ ಮತ್ತು ಹಕ್ಕಿನ ವಿಚಾರ

ಪ್ರೌಢಶಾಲೆಯ ಇತಿಹಾಸ ಪುಸ್ತಕದಲ್ಲಿ ಕ್ರಾಂತಿಗಳೆಲ್ಲವೂ ಸಮುದ್ರದಾಚೆಯ ಊರುಗಳಲ್ಲಿಯೇ ನಡೆಯುತ್ತವೆ. 1688ರಲ್ಲಿ ಇಂಗ್ಲೆಂಡ್, 1776ರಲ್ಲಿ ಅಮೆರಿಕ, 1789ರಲ್ಲಿ ಫ್ರಾನ್ಸ್. ‘ಕ್ರಾಂತಿಯ ಬೌದ್ಧಿಕ ಕಾರಣಗಳು’ ಎಂಬ ಉಪಶೀರ್ಷಿಕೆಯ ಕೆಳಗೆ ಲಾಕ್, ಮಾಂಟೆಸ್ಕ್ಯೂ, ರೂಸೋ ಎಂಬ ಮೂರು ಹೆಸರುಗಳನ್ನು ಬರೆದು, ಪ್ರತಿಯೊಂದಕ್ಕೂ ಎರಡು ವಾಕ್ಯ ಜೋಡಿಸಿದರೆ ನಾಲ್ಕು ಅಂಕಗಳು. ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಆ ನಾಲ್ಕು ಅಂಕಗಳನ್ನು ಕೆಂಪು ಶಾಯಿಯಲ್ಲಿ ಹಂಚಿದವನು ನಾನು. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅವುಗಳ ಫಲಾನುಭವಿಗಳು.

ವಿಚಾರಗಳು ಕ್ರಾಂತಿಯನ್ನು ಹುಟ್ಟಿಸುವುದು ನಿಜವೇ, ಹಾಗಿದ್ದರೆ ಅದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪ್ಯಾರಿಸಿಗೆ ಹೋಗಬೇಕಾಗಿಲ್ಲ. ಸಾಗರ ಪೇಟೆಗೆ ಸಮೀಪದಲ್ಲಿರುವ ಕಾಗೋಡು ಎಂಬ ಹಳ್ಳಿಯವರೆಗೆ ಹೋದರೆ ಸಾಕು. ಅಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರು ಒಂದು ಸತ್ಯಾಗ್ರಹವನ್ನು ಆರಂಭಿಸಿದರು. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಗುವುದು ಬಹುಶಃ ಒಂದು ಸಾಲು. ಸ್ವಾತಂತ್ರ್ಯ, ಸಮಾನತೆ, ಆಸ್ತಿಯ ಹಕ್ಕು, ಪ್ರಜೆಯ ಪ್ರತಿರೋಧದ ಹಕ್ಕು ಮುಂತಾದ ದೊಡ್ಡ ಮಾತುಗಳೆಲ್ಲ ಮಲೆನಾಡಿನ ನೆಲದ ಮೇಲೆ ಕಾಲಿಟ್ಟು ನಿಂತದ್ದು ಆ ಹಳ್ಳಿಯಲ್ಲಿ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಅವು ಬಂದದ್ದು ಗ್ರಂಥದ ರೂಪದಲ್ಲಿ ಅಲ್ಲ. ಭತ್ತ ಅಳೆಯುವ ಒಂದು ಪಾತ್ರೆಯ ರೂಪದಲ್ಲಿ.

ಪಟ್ಟಣಗಳಲ್ಲಿ ಬೆಳೆದ ನನ್ನ ಮೊಮ್ಮಕ್ಕಳ ಪೀಳಿಗೆಯವರಿಗಾಗಿ ಕೊಳಗವೆಂದರೇನೆಂದು ಮೊದಲು ಹೇಳಬೇಕು. ಅದು ಧಾನ್ಯವನ್ನು ಅಳೆಯುವ ಮಾನ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿಯ ಕರಾರು ಖಂಡುಗದ ಲೆಕ್ಕದಲ್ಲಿರುತ್ತಿತ್ತು; ಅಳತೆ ಕೊಳಗದಲ್ಲಿ ನಡೆಯುತ್ತಿತ್ತು. ಕಣದಲ್ಲಿ ರಾಶಿಯ ಮುಂದೆ ಕುಳಿತು ‘ಲಾಭ’ ಎಂದು ಮೊದಲನೆಯದನ್ನು ಎಣಿಸಿ, ಎರಡು, ಮೂರು ಎಂದು ಮುಂದುವರಿಸುವ ಆ ರಾಗವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಒಂದು ಎಂಬ ಸಂಖ್ಯೆಯನ್ನು ಉಚ್ಚರಿಸದೆ ಅದನ್ನು ಲಾಭವೆಂದು ಕರೆಯುವ ಮಂಗಳಕರ ಪದ್ಧತಿ ಅದು. ಆದರೆ ಆ ಲಾಭ ಯಾರದ್ದು ಎಂಬುದು ಕೊಳಗದ ಗಾತ್ರವನ್ನು ಅವಲಂಬಿಸಿತ್ತು.

ಕೊಳಗಕ್ಕೆ ಎಲ್ಲೆಡೆಯೂ ಒಂದೇ ಗಾತ್ರವಿರಲಿಲ್ಲ. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಗೆ ಹೊಂದುತ್ತಿರಲಿಲ್ಲ. ಪೇಟೆಯ ಕೊಳಗ ಬೇರೆ, ಒಡೆಯರ ಮನೆಯ ಕೊಳಗ ಬೇರೆ. ಗೇಣಿ ಅಳೆದುಕೊಳ್ಳುವ ಕೊಳಗ ಹಿರಿದಾಗಿರುತ್ತಿತ್ತೆಂಬುದೇ ಕಾಗೋಡಿನ ಒಕ್ಕಲುಗಳ ಮೂಲ ದೂರು. ಲೆಕ್ಕವನ್ನು ಒಂದು ಊಹೆಯ ಉದಾಹರಣೆಯಿಂದ ತಿಳಿಯೋಣ. ನ್ಯಾಯವಾದ ಮಾನಕ್ಕಿಂತ ಕೊಳಗವು ಬರೀ ಅರ್ಧ ಸೇರು ದೊಡ್ಡದಿದ್ದರೆ, ಖಂಡುಗಕ್ಕೆ ಹತ್ತು ಸೇರು ಹೆಚ್ಚಾಯಿತು. ಹತ್ತು ಖಂಡುಗ ಗೇಣಿ ಕೊಡುವವನು ವರ್ಷಕ್ಕೆ ನೂರು ಸೇರು ಭತ್ತವನ್ನು ಕರಾರಿನಲ್ಲಿ ಇಲ್ಲದೆಯೇ ಕೊಟ್ಟಂತಾಯಿತು. ಅದರ ಮೇಲೆ, ಕೊಳಗದ ಬಾಯಿಯನ್ನು ಸವರಿ ಅಳೆಯಬೇಕೋ, ಗೋಪುರದಂತೆ ತುಂಬಿ ಅಳೆಯಬೇಕೋ ಎಂಬ ಇನ್ನೊಂದು ಪ್ರಶ್ನೆಯೂ ಇತ್ತು. ಕಾಗದದ ಮೇಲೆ ಗೇಣಿ ಏರಿಲ್ಲ, ಕಣದಲ್ಲಿ ಏರಿದೆ. ಓದು ಬಾರದ ಮನುಷ್ಯನಿಗೂ ಇದು ಅರ್ಥವಾಗುತ್ತಿತ್ತು, ಏಕೆಂದರೆ ಮಳೆಗಾಲದ ನಡುವೆ ಅವನ ಮನೆಯ ಕಣಜ ಬರಿದಾಗುತ್ತಿತ್ತು.

ಈಗ ಫ್ರಾನ್ಸಿಗೆ ಒಂದು ಕ್ಷಣ ಹೋಗಿ ಬರೋಣ. 1789ರ ವಸಂತದಲ್ಲಿ, ಕ್ರಾಂತಿಗೆ ಕೆಲವೇ ತಿಂಗಳು ಮೊದಲು, ಹದಿನಾರನೆಯ ಲೂಯಿ ತನ್ನ ರಾಜ್ಯದ ಎಲ್ಲ ಊರುಗಳಿಂದ ಅಹವಾಲುಗಳನ್ನು ಬರೆಸಿ ತರಿಸಿಕೊಂಡ. ಆ ಅಹವಾಲು ಪುಸ್ತಕಗಳು ಇಂದಿಗೂ ಉಳಿದಿವೆ. ಹಳ್ಳಿಗಳವರು ಅವುಗಳಲ್ಲಿ ರೂಸೋವಿನ ಹೆಸರನ್ನು ಹೇಳುವುದು ಅಪರೂಪ. ಅವರು ಹೇಳುವುದು ಧಾನ್ಯದ ಅಳತೆಯನ್ನು! ಪ್ರಭುವಿನ ಅಳತೆ ಪಾತ್ರೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ, ಸವರಿ ಅಳೆಯಬೇಕಾದಲ್ಲಿ ರಾಶಿ ತುಂಬಿ ಅಳೆಯುತ್ತಾರೆ, ರಾಜ್ಯಕ್ಕೆಲ್ಲ ಒಂದೇ ಮಾನವಿರಲಿ ಎಂದು ಊರೂರಿನವರು ಬೇಡಿದರು. ಪೋಲೆಂಡಿನ ಇತಿಹಾಸಕಾರ ವಿಟೋಲ್ಡ್ ಕುಲಾ ಈ ಅಳತೆಯ ಜಗಳಗಳ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದಿದ್ದಾನೆ. ನಾವು ಶಾಲೆಯಲ್ಲಿ ಮೀಟರು, ಕಿಲೋಗ್ರಾಮುಗಳನ್ನು ವಿಜ್ಞಾನದ ಪಾಠದಲ್ಲಿ ಕಲಿಯುತ್ತೇವೆ; 1795ರಲ್ಲಿ ಅವುಗಳಿಗೆ ಕಾನೂನಿನ ರೂಪ ಕೊಟ್ಟದ್ದು ಕ್ರಾಂತಿಯ ಸರ್ಕಾರ. ವಾಸ್ತವದಲ್ಲಿ ಅವು ಇತಿಹಾಸದ ಪಾಠಕ್ಕೆ ಸೇರಬೇಕಾದವು. ಎಲ್ಲರಿಗೂ ಒಂದೇ ಕಾನೂನು ಎಂಬ ತತ್ತ್ವವನ್ನು ರೈತ ಕಣ್ಣಾರೆ ಕಾಣುವುದು ಎಲ್ಲರಿಗೂ ಒಂದೇ ಕೊಳಗವಾದಾಗ.

ಹಾಗೆಂದು ತತ್ತ್ವಶಾಸ್ತ್ರ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಹಸಿವು ಮತ್ತು ಅನ್ಯಾಯ ಮಾತ್ರವೇ ಕ್ರಾಂತಿಯನ್ನು ತರುವುದಾಗಿದ್ದರೆ ನಮ್ಮ ಸೀಮೆಯಲ್ಲಿ ಅದು 1830ರಲ್ಲಿಯೇ ಆಗಬೇಕಿತ್ತು. ಆ ವರ್ಷ ನಗರ ಸೀಮೆಯ ರೈತರು ದಂಗೆ ಎದ್ದರು. ಇಂದು ಹೊಸನಗರ ತಾಲ್ಲೂಕಿನಲ್ಲಿ ಒಂದು ಸಣ್ಣ ಊರಾಗಿ ಉಳಿದಿರುವ ನಗರ, ಹಿಂದೆ ಬಿದನೂರೆಂಬ ಹೆಸರಿನಿಂದ ಕೆಳದಿ ಅರಸರ ರಾಜಧಾನಿಯಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿಯ ಕಂದಾಯದ ಭಾರವನ್ನೂ ಅಧಿಕಾರಿಗಳ ಸುಲಿಗೆಯನ್ನೂ ತಾಳಲಾರದ ರೈತರು ಕೂಟಗಳಲ್ಲಿ ಸೇರಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಬೂದಿ ಬಸವಪ್ಪನೆಂಬವನು ತಾನು ಕೆಳದಿ ವಂಶದವನೆಂದು ಹೇಳಿಕೊಂಡು ಮುಂದಾಳಾದನು. ತರೀಕೆರೆಯ ಪಾಳೆಯಗಾರರೂ ಸೇರಿದರು. ದಂಗೆಯನ್ನು ಅಡಗಿಸಲು ಬ್ರಿಟಿಷ್ ಸೈನ್ಯ ಬರಬೇಕಾಯಿತು. ಅದನ್ನೇ ನೆಪವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನೇ ಮಹಾರಾಜರ ಕೈಯಿಂದ ತೆಗೆದುಕೊಂಡನು. ಅದು ಮರಳಿದ್ದು ಐವತ್ತು ವರ್ಷಗಳ ಅನಂತರ, 1881ರಲ್ಲಿ.

ಒಬ್ಬ ಅರಸನ ಅಧಿಕಾರವನ್ನು ಕಳೆಯುವಷ್ಟು ದೊಡ್ಡ ದಂಗೆ ಅದು. ಆದರೂ ನಾನು ಅದನ್ನು ಕ್ರಾಂತಿ ಎಂದು ಕರೆಯಲಾರೆ. ಆ ರೈತರ ಕೋರಿಕೆ ಭಾರ ಇಳಿಸಿ ಎಂಬುದು. ಅವರ ಆಶೆ ಹಳೆಯ ವಂಶದ ಒಳ್ಳೆಯ ಅರಸನೊಬ್ಬ ಮರಳಿ ಬರಲೆಂಬುದು. ಶಿವಪ್ಪ ನಾಯಕನ ಶಿಸ್ತಿನ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿರಾಗಿದ್ದ ಕಾಲ. ಕೆಟ್ಟ ಒಡೆಯನ ಬದಲು ಒಳ್ಳೆಯ ಒಡೆಯ ಬೇಕೆಂದು ಅವರು ಕೇಳಿದರು. ಒಡೆತನವನ್ನೇ ಪ್ರಶ್ನಿಸುವ ಭಾಷೆ ಅವರಲ್ಲಿರಲಿಲ್ಲ. 1830ರ ನಗರದ ರೈತನಿಗೂ 1951ರ ಕಾಗೋಡಿನ ಒಕ್ಕಲಿಗೂ ನಡುವೆ ಕಷ್ಟದಲ್ಲಿ ಅಂತಹ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸವಿರುವುದು ಒಂದೇ ಶಬ್ದದಲ್ಲಿ: ಹಕ್ಕು.

ಆ ಶಬ್ದ ನಮ್ಮಲ್ಲಿಗೆ ಬಂದ ದಾರಿ ಕುತೂಹಲಕರವಾದುದು. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಸರ್ಕಾರದ ಕುರಿತಾದ ಗ್ರಂಥದಲ್ಲಿ ಎರಡು ವಾದಗಳಿವೆ. ಪ್ರಜೆಗಳ ಒಪ್ಪಿಗೆಯಿಂದಲೇ ಸರ್ಕಾರ ಹುಟ್ಟುತ್ತದೆ, ಆ ನಂಬಿಕೆಗೆ ದ್ರೋಹವಾದರೆ ಪ್ರತಿರೋಧಿಸುವ ಹಕ್ಕು ಪ್ರಜೆಗಿದೆ ಎಂಬುದೊಂದು. ದೇವರು ಎಲ್ಲರಿಗೂ ಸಮನಾಗಿ ಕೊಟ್ಟ ಭೂಮಿಯಲ್ಲಿ ಯಾರು ತನ್ನ ದುಡಿಮೆಯನ್ನು ಬೆರೆಸುತ್ತಾನೋ ಅವನಿಗೆ ಅದು ಸ್ವತ್ತಾಗುತ್ತದೆ ಎಂಬುದು ಎರಡನೆಯದು. ಎರಡನೆಯ ವಾದವನ್ನು ಕೇಳಿದ ಕೂಡಲೇ ನಮಗೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ನೆನಪಾಗುತ್ತದೆ. ಆದರೆ ಲಾಕ್ ಮಹಾಶಯನನ್ನು ಅಷ್ಟು ಸುಲಭವಾಗಿ ರೈತ ಸಂಘದ ಸದಸ್ಯನನ್ನಾಗಿ ಮಾಡಲು ಬರುವುದಿಲ್ಲ. ತನ್ನ ಆಳು ಕೊಯ್ದ ಹುಲ್ಲುಹೆಂಟೆಯೂ ತನ್ನದೇ ಸ್ವತ್ತೆಂದು ಅದೇ ಅಧ್ಯಾಯದಲ್ಲಿ ಅವನು ಸರಾಗವಾಗಿ ಹೇಳಿಬಿಡುತ್ತಾನೆ. ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪೆನಿಯಲ್ಲಿ ಅವನ ಹಣವೂ ಇತ್ತು. ಅಂದರೆ ಕಾಗೋಡಿನ ಒಕ್ಕಲೂ ಒಡೆಯರೂ ಇಬ್ಬರೂ ಲಾಕನನ್ನು ಸಾಕ್ಷಿಗೆ ಕರೆಯಬಹುದಾಗಿತ್ತು. ಇಬ್ಬರ ಪರವಾಗಿಯೂ ಅವನು ಸಾಕ್ಷಿ ಹೇಳುತ್ತಿದ್ದ.

ಫ್ರಾನ್ಸಿನಲ್ಲಿಯೂ ಇದೇ ತೊಡಕು. 1789ರ ಆಗಸ್ಟ್ 4ರ ರಾತ್ರಿ ಅಲ್ಲಿಯ ಸಭೆ ಊಳಿಗಮಾನ್ಯವನ್ನು ರದ್ದು ಮಾಡಿತೆಂದು ನಾವೆಲ್ಲ ಓದಿದ್ದೇವೆ. ಅದೇ ತಿಂಗಳು 26ರ ಹಕ್ಕುಗಳ ಘೋಷಣೆಯ ಕೊನೆಯ ವಿಧಿ ಆಸ್ತಿಯನ್ನು ಪವಿತ್ರವೆಂದು ಸಾರಿತು. ಪ್ರಭುವಿಗೆ ಸಲ್ಲುವ ಧಾನ್ಯವೂ ಅವನ ಆಸ್ತಿಯೇ ಅಲ್ಲವೇ? ಆದ್ದರಿಂದ ರೈತನು ಪರಿಹಾರದ ಹಣ ಕೊಟ್ಟು ಆ ಸಲ್ಲಿಕೆಯಿಂದ ಬಿಡಿಸಿಕೊಳ್ಳಬೇಕೆಂದಾಯಿತು. ರೈತರು ಕೊಡಲಿಲ್ಲ. ಪರಿಹಾರವಿಲ್ಲದೆ ಅದು ಪೂರ್ತಿ ರದ್ದಾದದ್ದು 1793ರ ಜುಲೈಯಲ್ಲಿ. ರಾತ್ರೋರಾತ್ರಿ ಆಯಿತೆಂದು ಪುಸ್ತಕ ಹೇಳುವ ಕೆಲಸಕ್ಕೆ ನಾಲ್ಕು ವರ್ಷ ಹಿಡಿದಿತ್ತು. ನಮ್ಮಲ್ಲಿ ಇಪ್ಪತ್ತಮೂರು ವರ್ಷ ಹಿಡಿಯಿತು. ಆ ಕಥೆಗೆ ಬರುತ್ತೇನೆ.

ಕಾಗೋಡಿನ ಗೇಣಿದಾರರಲ್ಲಿ ಬಹುಪಾಲು ದೀವರ ಜನಾಂಗದವರು. ಅವರನ್ನು ಸಂಘಟಿಸಿದವರಲ್ಲಿ ಎಚ್. ಗಣಪತಿಯಪ್ಪನವರ ಹೆಸರು ಮೊದಲು ಬರಬೇಕು. ಅಳತೆಯ ಕೊಳಗ ನ್ಯಾಯವಾಗಿರಬೇಕು, ಕೊಟ್ಟ ಗೇಣಿಗೆ ರಸೀದಿ ಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು ಎಂಬ ಬೇಡಿಕೆಗಳು ಮೇಲ್ನೋಟಕ್ಕೆ ಎಷ್ಟು ಸಾಧುವಾಗಿವೆ ನೋಡಿ! ರಸೀದಿಯನ್ನು ನಾವು ಅಲಕ್ಷ್ಯದಿಂದ ಕಾಣುತ್ತೇವೆ. ಅದು ಕೈಗೆ ಬಂದರೆ ಒಕ್ಕಲು ಒಡೆಯನ ಕೃಪೆಯಲ್ಲಿ ಬದುಕುವವನಲ್ಲ, ಕರಾರಿನ ಒಂದು ಪಕ್ಷ. ಸಾಮಾಜಿಕ ಒಪ್ಪಂದವೆಂದು ರೂಸೋ ಬರೆದದ್ದರ ಗಿಡ್ಡ ರೂಪ ಅದು. ಒಡೆಯರ ಕಡೆಯವರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಬೇಡಿಕೆ ಇಟ್ಟವರಿಗೆ ಉಳುಮೆಗೆ ಅವಕಾಶ ನಿರಾಕರಿಸಲಾಯಿತು. ಆಗ ಒಕ್ಕಲುಗಳು ನೇಗಿಲು ಹೊತ್ತು ತಾವು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಗಳಿಗೇ ಇಳಿದರು, ಬಂಧನಕ್ಕೆ ಒಳಗಾದರು. ಉಳುವುದೇ ಅಪರಾಧವಾದ ವಿಚಿತ್ರ ಸನ್ನಿವೇಶವದು.

ಸಮಾಜವಾದಿ ಪಕ್ಷ ಹೋರಾಟಕ್ಕೆ ಹೆಗಲು ಕೊಟ್ಟಿತು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಜನಿಸಿದ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು ಅವರು. ಜೂನ್ ತಿಂಗಳ ನಡುವಿನಲ್ಲಿ ಡಾ. ರಾಮಮನೋಹರ ಲೋಹಿಯಾ ಸ್ವತಃ ಸಾಗರಕ್ಕೆ ಬಂದರು. ಸಾಗರದ ರೈಲು ನಿಲ್ದಾಣದಲ್ಲಿ ಅವರನ್ನು ಪೊಲೀಸರು ಬಂಧಿಸಿದರು. ಸ್ವತಂತ್ರ ಭಾರತದ ಸರ್ಕಾರ, ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ, ಸ್ವಾತಂತ್ರ್ಯ ಹೋರಾಟಗಾರನೊಬ್ಬನನ್ನು ಬಂಧಿಸಿತ್ತು.

ಲೋಹಿಯಾ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರೆಂದು ಎಲ್ಲರೂ ಬಲ್ಲರು. ಅವರ ಪ್ರಬಂಧದ ವಿಷಯವೇನೆಂದು ತಿಳಿದವರು ಕಡಿಮೆ. ಅದು ಉಪ್ಪಿನ ತೆರಿಗೆ ಮತ್ತು ಗಾಂಧೀಜಿಯ ಸತ್ಯಾಗ್ರಹದ ಕುರಿತಾದದ್ದು. ಅಮೆರಿಕದ ಥೋರೋ ಎಂಬ ಏಕಾಂತಪ್ರಿಯ ಮನುಷ್ಯ 1849ರಲ್ಲಿ ಅನ್ಯಾಯದ ಕಾನೂನನ್ನು ಪಾಲಿಸದಿರುವುದರ ಕುರಿತು ಬರೆದ. ಅದನ್ನು ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಓದಿದರು. ಗಾಂಧೀಜಿಯ ಉಪ್ಪನ್ನು ಲೋಹಿಯಾ ಜರ್ಮನಿಯಲ್ಲಿ ಅಭ್ಯಸಿಸಿದರು. ಕೊನೆಗೆ ಅದೆಲ್ಲ ಮೀಟರ್ ಗೇಜ್ ರೈಲಿನಲ್ಲಿ ಸಾಗರಕ್ಕೆ ಬಂದಿಳಿಯಿತು. ಉಪ್ಪಿನಿಂದ ಭತ್ತಕ್ಕೆ ಬಂದ ಪ್ರಯಾಣವಿದು. ಇದನ್ನು ತಗ್ಗಿಸಿ ಹೇಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ, ಹಾಗೆಯೇ ಉಬ್ಬಿಸಿಯೂ ಹೇಳಬಾರದು. ಲೋಹಿಯಾ ಬರುವ ಮೊದಲೇ ಒಕ್ಕಲುಗಳು ನೇಗಿಲು ಹೊತ್ತಾಗಿತ್ತು. ವಿಚಾರ ಹೊರಗಿನಿಂದ ಬಂದು ಅವರನ್ನು ಎಬ್ಬಿಸಲಿಲ್ಲ. ಎದ್ದು ನಿಂತವರಿಗೆ ತಾವು ಮಾಡುತ್ತಿರುವುದು ಏನೆಂದು ಹೇಳುವ ಮಾತನ್ನು ಕೊಟ್ಟಿತು.

ಇನ್ನೊಂದು ಕಾಕತಾಳೀಯವನ್ನು ಇಲ್ಲಿ ದಾಖಲಿಸಬೇಕು. ಲೋಹಿಯಾ ಬಂಧನವಾದ ಅದೇ ವಾರದ ಆಸುಪಾಸಿನಲ್ಲಿ, 1951ರ ಜೂನ್ 18ರಂದು, ಭಾರತ ಸಂವಿಧಾನದ ಮೊದಲನೆಯ ತಿದ್ದುಪಡಿ ಜಾರಿಗೆ ಬಂದಿತು. ಸಂವಿಧಾನ ಜಾರಿಯಾಗಿ ಇನ್ನೂ ಒಂದೂವರೆ ವರ್ಷವಾಗಿರಲಿಲ್ಲ. ಆಸ್ತಿ ಆಗ ಮೂಲಭೂತ ಹಕ್ಕು; ಜಮೀನ್ದಾರಿ ರದ್ದತಿಯ ಕಾನೂನುಗಳು ಆ ಹಕ್ಕಿಗೆ ತಗುಲಿ ನ್ಯಾಯಾಲಯಗಳಲ್ಲಿ ಬೀಳತೊಡಗಿದ್ದವು. ಅವುಗಳನ್ನು ಕಾಪಾಡಲೆಂದೇ ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಲಾಯಿತು. ದೆಹಲಿಯ ಸಂಸತ್ತು ಮತ್ತು ಕಾಗೋಡಿನ ಗದ್ದೆ ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಯನ್ನು ಎದುರಿಸುತ್ತಿದ್ದವು: ಇಬ್ಬರ ಹಕ್ಕುಗಳು ಒಂದೇ ಗದ್ದೆಯ ಮೇಲೆ ಬಿದ್ದಾಗ ಯಾರದು ನಿಲ್ಲಬೇಕು? ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಪೂರ್ತಿಯಾಗಿ ಹೊರಬಂದದ್ದು 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ಮೂಲಕ.

ಪೀಠಿಕೆಯಲ್ಲಿರುವ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಫ್ರಾನ್ಸಿನಿಂದ ಎರವಲು ಪಡೆದುದೆಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಂಬೇಡ್ಕರ್ ಅವರು ತಾವು ಅವನ್ನು ಬುದ್ಧನಿಂದ ಪಡೆದದ್ದೆಂದು 1954ರ ಆಕಾಶವಾಣಿ ಭಾಷಣವೊಂದರಲ್ಲಿ ಸ್ಪಷ್ಟಪಡಿಸಿದ್ದಾರೆ. ಕಾಯಕವನ್ನು ಎತ್ತಿ ಹಿಡಿದ ಹನ್ನೆರಡನೆಯ ಶತಮಾನದ ಶರಣರ ನಾಡಿನಲ್ಲಿ, ಶರಣಧರ್ಮವನ್ನು ಪಾಲಿಸಿದ ಕೆಳದಿಯ ಸೀಮೆಯಲ್ಲಿ, ದುಡಿಮೆಗೂ ಗೌರವಕ್ಕೂ ಇರುವ ಸಂಬಂಧವನ್ನು ಹೇಳಿಕೊಡಲು ಹೊರಗಿನ ಗುರುವಿನ ಅಗತ್ಯ ಇರಬಾರದಿತ್ತು. ಹಳೆಯ ಮಾತು ಪೂಜೆಯ ಮಾತಾಗಿ ಹೋದಾಗ ಹೊರಗಿನ ಮಾತು ಬಂದು ಅದನ್ನು ಎಚ್ಚರಿಸಬೇಕಾಗುತ್ತದೆ ಎಂದು ನನಗೆ ತೋರುತ್ತದೆ.

ಸತ್ಯಾಗ್ರಹಕ್ಕೆ ತಕ್ಷಣದ ಗೆಲುವು ದೊರೆಯಲಿಲ್ಲ. ಬೆತ್ತ, ಸೆರೆಮನೆ, ಒಕ್ಕಲೆಬ್ಬಿಸುವಿಕೆ ಇವುಗಳ ನಡುವೆ ಅದು ಸೊರಗಿತು. ಆದರೆ ಮರುವರ್ಷ, 1952ರಲ್ಲಿ, ಮೊದಲ ಮಹಾಚುನಾವಣೆ. ಆಸ್ತಿ ಇಲ್ಲದವನಿಗೂ ಅಕ್ಷರ ಬಾರದವನಿಗೂ ಒಂದು ಮತ; ಒಡೆಯನಿಗೂ ಒಂದೇ ಮತ. ಸಾಗರ-ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿತು. ಇಪ್ಪತ್ತೊಂಬತ್ತರ ಹರೆಯ, ಕೈಯಲ್ಲಿ ಕಾಸಿಲ್ಲ. ಆ ಮತಪೆಟ್ಟಿಗೆಯಲ್ಲಿ ಯಾರ ಮನೆಯ ಕೊಳಗವೂ ದೊಡ್ಡದಿರಲಿಲ್ಲ.

ಗೌಡರು ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು; 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಮೇಳಿಗೆಯ ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆ ಇದೆಯೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಕಾದಂಬರಿ ಓದಿದವರು ಶಾಸನಸಭೆಯ ನಡಾವಳಿಗಳನ್ನೂ ಓದಬೇಕೆಂದು ನನ್ನ ಹಳೆಯ ಒತ್ತಾಯ.

ನ್ಯಾಯ ಸಲ್ಲಬೇಕಾದರೆ ತೀರ್ಥಹಳ್ಳಿಯ ಮತ್ತೊಬ್ಬರನ್ನೂ ಹೇಳಬೇಕು. ಕಡಿದಾಳು ಮಂಜಪ್ಪನವರು ಕಾಂಗ್ರೆಸ್ಸಿನವರು, ವಕೀಲರು, ಸ್ವತಃ ಭೂಮಿಯುಳ್ಳ ಮನೆತನದವರು. ಗೇಣಿದಾರರ ರಕ್ಷಣೆಯ ಕಾನೂನುಗಳಿಗಾಗಿ ಸರ್ಕಾರದ ಒಳಗೇ ಇದ್ದು ದುಡಿದವರು. 1952ರ ಗೇಣಿ ಕಾಯಿದೆ, ಅನಂತರದ ಇನಾಂ ರದ್ದತಿ ಆ ಕಾಲದವು. 1956ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ, ಹಳೆಯ ಮೈಸೂರು ರಾಜ್ಯದ ಕೊನೆಯ ದಿನಗಳಲ್ಲಿ, ಅವರು ಮುಖ್ಯಮಂತ್ರಿಯೂ ಆಗಿದ್ದರು. ತಮ್ಮ ಆತ್ಮಕಥೆಗೆ ಅವರು ಕೊಟ್ಟ ಹೆಸರು ‘ನನಸಾಗದ ಕನಸು’. ಬೀದಿಯಲ್ಲಿ ಗೋಪಾಲಗೌಡರು, ಕಚೇರಿಯಲ್ಲಿ ಮಂಜಪ್ಪನವರು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಅಳಿಸುವ ಅಭ್ಯಾಸ ನಮ್ಮ ತಾಲ್ಲೂಕುಗಳ ಸಭೆಗಳಲ್ಲಿದೆ, ಅದು ನನಗೆ ಸೇರುವುದಿಲ್ಲ.

ಆ ಕಾನೂನುಗಳಲ್ಲಿ ಒಂದು ಕಿಂಡಿ ಉಳಿದಿತ್ತು. 1961ರ ಭೂಸುಧಾರಣಾ ಕಾಯಿದೆಯಲ್ಲಿ, ಸ್ವಂತ ಬೇಸಾಯಕ್ಕೆ ಬೇಕೆಂದು ಹೇಳಿ ಒಡೆಯನು ಭೂಮಿಯನ್ನು ಮರಳಿ ಪಡೆಯಬಹುದಿತ್ತು. ಆ ಕಾಯಿದೆ ಜಾರಿಗೆ ಬಂದದ್ದೂ 1965ರಲ್ಲಿ. ಕಾನೂನು ಬರುವ ಸುದ್ದಿಗೂ ಕಾನೂನಿಗೂ ನಡುವಿನ ಆ ವರ್ಷಗಳಲ್ಲಿ ಎಷ್ಟು ಒಕ್ಕಲುಗಳು ‘ಸ್ವಇಚ್ಛೆಯಿಂದ’ ಗದ್ದೆ ಬಿಟ್ಟರೆಂದು ನಿಮ್ಮ ಅಜ್ಜಂದಿರು ಹೇಳಿಯಾರು. ಫ್ರಾನ್ಸಿನ 1789 ಇದು. ಅದರ 1793 ನಮ್ಮಲ್ಲಿ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಆ ದಿನ ಗೇಣಿಯಲ್ಲಿದ್ದ ಎಲ್ಲ ಭೂಮಿಯೂ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೇ ನಂಬರಿನ ಫಾರಂ ತುಂಬಿ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಮಾಡಬೇಕು. ಮಂಡಳಿಯ ಎದುರು ವಕೀಲರಿಗೆ ಪ್ರವೇಶವಿಲ್ಲವೆಂದು ಕಾಯಿದೆಯೇ ಹೇಳಿತ್ತು. ವಕೀಲಿಕೆಯವರಿಗೆ ಇದು ಹಿಡಿಸಲಿಲ್ಲ. ಮುಂದೆ ಸರ್ವೋಚ್ಚ ನ್ಯಾಯಾಲಯವೂ ಆ ನಿರ್ಬಂಧ ಸಲ್ಲದೆಂದಿತು. ಆದರೆ ಆ ಕೆಲವು ವರ್ಷ, ಮಾತು ಬಾರದ ಒಕ್ಕಲು ಮಾತು ಬಲ್ಲ ಒಡೆಯನ ಎದುರು ಸಮನಾಗಿ ನಿಂತದ್ದನ್ನು ನಾನು ಕಂಡಿದ್ದೇನೆ.

ಕಂಡಿದ್ದೇನೆ ಎಂದರೆ ಸಾಲದು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಮಕ್ಕಳ ತಂದೆಯಂದಿರು ಬಂದು ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಸರ್ವೆ ನಂಬರು, ಚಕ್ಕುಬಂದಿ ಕೇಳಿ ಅವರ ಫಾರಂ ತುಂಬಿ ಕೊಡುತ್ತಿದ್ದೆ. ಹಾಗೆ ತುಂಬಿದವುಗಳಲ್ಲಿ ಒಂದು ನನ್ನ ಸೋದರತ್ತೆಯ ಗದ್ದೆಯದು. ಅತ್ತೆ ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಎರಡು ಎಕರೆಯ ಗೇಣಿಯೇ ಅವರ ಜೀವನಾಧಾರ. ಉಳುತ್ತಿದ್ದಾತ, ಅವನ ತಂದೆಯೂ ಉಳುತ್ತಿದ್ದವನು. ಅವನ ಮಗಳು ನನ್ನ ತರಗತಿಯಲ್ಲಿದ್ದಳು. ಹಿಂದಿನ ಕಾನೂನಿನಲ್ಲಿ ವಿಧವೆಯರಿಗೆ ರಿಯಾಯಿತಿ ಇತ್ತು. 1974ರಲ್ಲಿ ಅದನ್ನು ತೆಗೆದು, ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ ಉಳಿಸಿದರು. ವಿಧವೆಯ ಹೆಸರನ್ನು ಮುಂದಿಟ್ಟು ದೊಡ್ಡ ಮನೆಗಳು ಭೂಮಿ ಉಳಿಸಿಕೊಳ್ಳುತ್ತವೆಂಬ ಅನುಭವವೇ ಅದಕ್ಕೆ ಕಾರಣ. ನಿಜವಾದ ವಿಧವೆಯೂ ಆ ಬಲೆಯಲ್ಲಿ ಸಿಕ್ಕಿದರು.

ಆತ ಬಂದು ಜಗಲಿಯಂಚಿನಲ್ಲಿ ನಿಂತು, “ಬೇರೆಯವರ ಹತ್ರ ಬರೆಸ್ತೀನಿ ಮೇಷ್ಟ್ರೇ, ನಿಮಗ್ಯಾಕೆ ಸಂಕಟ” ಎಂದ. ನಾನು ಕುಳಿತುಕೊಳ್ಳಲು ಹೇಳಿ ಬರೆದುಕೊಟ್ಟೆ. ನಮ್ಮ ಮನೆಯಲ್ಲಿ ಆದ ರಂಪವನ್ನು ಈ ಬರಹ ಓದುತ್ತಿರುವ ಬಂಧುಗಳಿಗೆ ನೆನಪಿಸಬೇಕಾಗಿಲ್ಲ. ಚಿಕ್ಕಪ್ಪನವರು ಏಳು ವರ್ಷ ನನ್ನೊಡನೆ ಮಾತನಾಡಲಿಲ್ಲ. ಅತ್ತೆ ಮಾತ್ರ ಒಂದೇ ಸಲ ಕೇಳಿದರು: “ಅವನದ್ದು ಹಕ್ಕು ಅಂತಾದ್ರೆ, ನಂದು ಏನು?” ಕೊನೆಯವರೆಗೆ ಅವರು ನಮ್ಮ ಮನೆಯಲ್ಲಿಯೇ ಇದ್ದರು. ಸರ್ಕಾರದ ಪರಿಹಾರ ಕಂತುಗಳಲ್ಲಿ ಬಂತು. ಅದರಿಂದ ಅವರ ಔಷಧಿಯ ವೆಚ್ಚವೂ ಸರಿಹೋಗಲಿಲ್ಲ. ಗದ್ದೆಯ ಫಸಲಿನಿಂದ ಆ ಹುಡುಗಿ ಓದಿ ದಾದಿಯಾದಳು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಬಾರದು. ಇಂದು ಆತ ಜಗಲಿಗೆ ಬಂದರೂ ನಾನು ಫಾರಂ ಬರೆದುಕೊಡುತ್ತೇನೆ. ಅತ್ತೆಯ ಪ್ರಶ್ನೆಗೆ ಉತ್ತರ ಲಾಕನಲ್ಲಿಯೂ ಇಲ್ಲ, ಲೋಹಿಯಾರಲ್ಲಿಯೂ ಇಲ್ಲ.

ಇನ್ನೊಂದು ಗುಂಪಿನವರ ಪಾಲಿಗೆ ಹಕ್ಕು ಬಂದದ್ದೇ ತಡವಾಗಿ. ಶರಾವತಿಗೆ 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಮುಳುಗಿದ ಗದ್ದೆಯನ್ನು ಉಳುತ್ತಿದ್ದವನ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಅವನದ್ದೆಂದು ಹೇಳಲು ಏನೂ ಇರಲಿಲ್ಲ. ಹತ್ತು ವರ್ಷ ತಡೆದು ನೀರು ನಿಂತಿದ್ದರೆ ಅವನೂ ಏಳನೇ ನಂಬರಿನ ಫಾರಂ ತುಂಬುತ್ತಿದ್ದ. ಕಾಡಿನಂಚಿಗೆ ಹೋಗಿ ನೆಲೆಸಿದ ಸಂತ್ರಸ್ತರ ಮೊಮ್ಮಕ್ಕಳು ಆ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟವರ ಈ ಕಥೆಯನ್ನು ಬೇರೆಯೇ ಬರೆಯಬೇಕು.

ಕಾಗೋಡಿನ ದೀವರ ಮನೆಯಲ್ಲಿ ಹುಟ್ಟಿದ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾದರು, 2016ರಲ್ಲಿ ಕಂದಾಯ ಸಚಿವರಾದರು. ಅದಕ್ಕೂ ಮೊದಲು ಅದೇ ಜನಾಂಗದ, ಸೊರಬದ ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಗಳಾಗಿದ್ದರು. ಇಬ್ಬರೂ ಮೊದಲಿಗೆ ಸಮಾಜವಾದಿ ಪಾಳೆಯದಿಂದ ಬಂದವರು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮತ್ತೊಂದು ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಾಯಿತು. ಉಳುವವನಿಗೆಂದು ಬಂದ ಗದ್ದೆಯನ್ನು ಅವನ ಮೊಮ್ಮಗ ಬೆಂಗಳೂರಿನವರಿಗೆ ಮಾರಿ ಹೋಗುವುದು ನಮ್ಮ ಕಡೆ ಈಗ ಹೊಸ ಸುದ್ದಿಯಲ್ಲ. ಮಾರುವುದೂ ಅವನ ಹಕ್ಕೇ ಎಂದು ಲಾಕ್ ಹೇಳಿಯಾನು. ನನಗೆ ಇದರಲ್ಲಿ ಸಂತೋಷವಿಲ್ಲ.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಿಯಾದರೂ ಹಳೆಯ ಕೊಳಗವಿದ್ದರೆ, ಒಡೆಯರ ಮನೆಯದಾಗಲಿ ಒಕ್ಕಲ ಮನೆಯದಾಗಲಿ, ಅದಕ್ಕೆ ಅಕ್ಕಿ ತುಂಬಿ, ಬಾಯಿ ಸವರಿ, ಎಷ್ಟು ಸೇರು ಹಿಡಿಯುತ್ತದೆಂದು ಅಳೆದು ನನಗೆ ತಿಳಿಸಿ. ಊರಿನ ಹೆಸರನ್ನೂ ಬರೆಯಿರಿ. ಸೇರು ಇಲ್ಲದವರು ಲೀಟರಿನಲ್ಲಿ ಅಳೆದರೂ ಆದೀತು.